ಹಿನ್ನೀರಿನಡಿಯ ವಿಳಾಸ

ಅಮಸಿದ್ದಪ್ಪ ಜೈಲಿಗೆ ಬಂದಾಗ ನಲವತ್ತಾರು, ಈಗ ಎಪ್ಪತ್ತೆರಡು. ಜಗಳದಲ್ಲಿ ಬಡಿಗೆ ಬೀಸಿದ, ದಾಯಾದಿ ಸತ್ತ. “ಹೊಡದದ್ದು ಖರೆ” ಎಂದು ಮೊದಲ ದಿನವೇ ಒಪ್ಪಿದ. ಮೂಲತಃ ಸೀರೆ ನೇಯುವವನು. ಜೈಲಿನಲ್ಲಿ ಜಮಖಾನೆ ನೇಯ್ದ. ಹಲ್ಲು ಉದುರಿದವು, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತ, ಹೊಸ ಕೈದಿಗಳನ್ನು ಬೈಯುತ್ತ ಎಲ್ಲರಿಗೂ ‘ಕಾಕಾ’ ಆದ.

ಸನ್ನಡತೆಯ ಬಿಡುಗಡೆಗೆ ಹೆಸರು ಎಂಟು ವರ್ಷದ ಹಿಂದೊಮ್ಮೆ, ಆಮೇಲೊಮ್ಮೆ ಹೋಯಿತು. ಎರಡೂ ಸಲ ಅರ್ಜಿ ಬಿದ್ದುಹೋಯಿತು. ಅರ್ಜಿಯಲ್ಲಿದ್ದದ್ದು ಹಳೇ ಬಾಗಲಕೋಟೆಯ ಓಣಿ. ಅದು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷ. ವಿಚಾರಣೆಗೆ ಹೋದ ಪೇದೆ ದಂಡೆಯ ಮೇಲೆ ನಿಂತು ಬರೆದ: ‘ಸದರಿ ವಿಳಾಸದಲ್ಲಿ ಯಾರೂ ವಾಸವಿಲ್ಲ.’ ಮೀನುಗಳನ್ನಾದರೂ ಕೇಳಿದ್ದನೋ ಇಲ್ಲವೋ! ಊರು ಮುಳುಗಿಸಿದ್ದೂ ಸರ್ಕಾರ, ಊರಲ್ಲಿ ಯಾರೂ ಇಲ್ಲವೆಂದು ಷರಾ ಹಾಕಿದ್ದೂ ಸರ್ಕಾರ. ಮುಳುಗಡೆಯಾದವರಿಗೆಂದು ಕಟ್ಟಿದ ನವನಗರದಲ್ಲಿ ತಂಗಿ ಸಂಗವ್ವ ಇದ್ದಾಳೆ. ಅವಳ ಬಾಗಿಲು ಬಡಿಯಬೇಕೆಂದು ಯಾವ ಮಹಾರಾಯನಿಗೂ ಹೊಳೆಯಲಿಲ್ಲ.

ಮೂರನೇ ಅರ್ಜಿ ಬರೆಯಲು ಕೂತವನು ಸಹಕೈದಿ ಜಹೀರ.

“ಕಾಕಾ, ಈ ಸಲ ನಿಮ್ಮ ತಂಗೀ ಮನಿ ಬರಿತೇನಿ.”

“ಬ್ಯಾಡಲೇ. ನಾ ಕಣ್ಣಿಲೆ ನೋಡಲಾರದ್ದು ನನ್ನ ಊರು ಹೆಂಗಾಗ್ತೈತಿ? ಹಳೇದ ಬರಿ.”

“ಹಂಗಾರ ಈಜಾಕ ಕಲೀರಿ. ಮನೀಗೆ ಹೋಗಾಕ ಬೇಕಾಗ್ತೈತಿ!”

ಬ್ಯಾರಕ್ಕಿಗೆ ಬ್ಯಾರಕ್ಕೇ ನಕ್ಕಿತು. ಕಾಕಾ ಮುಖ ತಿರುಗಿಸಿದ.

ಆ ವಾರ ಭೇಟಿಗೆ ಬಂದ ಸಂಗವ್ವನಿಗೆ ಈ ಹಟ ಗೊತ್ತಾಯಿತು. ಸರಳಿನಾಚೆಯಿಂದಲೇ ಗದರಿದಳು: “ಯಣ್ಣಾ, ನೀರು ಬರೂಮುಂದ ನಿನ್ನ ಮಗ್ಗ ಬಿಚ್ಚಿ ಬಂಡ್ಯಾಗ ಹೇರಕೊಂಡು ಬಂದೇನಿ. ನೀ ಅರ್ಧಕ್ಕ ಬಿಟ್ಟಿದ್ದಿಯಲ್ಲ, ಆ ಸೀರಿ ಹಾಸಿನ ತುದಿ ಕತ್ತರಿಸಿಲ್ಲ. ನೆನಪಾಗಿ ಕೊರಗತಿ ಅಂತ ಇಷ್ಟು ದಿನ ಬಾಯಿ ಬಿಡಲಿಲ್ಲ.”

ಮಗ್ಗದಲ್ಲಿ ಹಳೇ ಹಾಸಿನ, ಅಂದರೆ ಉದ್ದೆಳೆಗಳ, ತುದಿ ಉಳಿದಿದ್ದರೆ ನೇಕಾರ ಅದಕ್ಕೇ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಮುಂದಿನ ಸೀರೆ ಹಿಡಿಯುತ್ತಾನೆ. ಅಮಸಿದ್ದಪ್ಪ ಸರಳಿಗೆ ಹತ್ತಿರ ಸರಿದ.

“ನಿನ್ನ ಮನಿ ಸೆಕ್ಟರ್ ಎಷ್ಟನೇದು?”

ಈ ಸಲ ಸಂಗವ್ವನ ವಿಳಾಸ ಹೊತ್ತ ಅರ್ಜಿ ಪಾಸಾಯಿತು. ಬಿಡುಗಡೆಯಾದ ಮರುದಿನವೇ ನವನಗರದ ಮನೆಯಲ್ಲಿ ಮಗ್ಗ ಜೋಡಿಸಿ ಕೂತ. ಕೈ ಹಳೆಯ ಕೈಯೇ. ಆದರೆ ಜಮಖಾನೆಯ ದಪ್ಪ ನೂಲಿಗೆ ಒಗ್ಗಿದ ಕಣ್ಣಿಗೆ ರೇಷ್ಮೆ ಎಳೆ ಸಿಗಲಿಲ್ಲ. ಕನ್ನಡಕ ಒರೆಸಿದ, ಮತ್ತೆ ಬಗ್ಗಿದ.

“ಸಂಗವ್ವಾ, ಮದಲನೇ ಅರ್ಜಿಗೇ ಬಿಟ್ಟಿದ್ರ ಇವು ಕಾಣತಿದ್ವು ನೋಡು.”

ಸಂಗವ್ವ ಪಕ್ಕದಲ್ಲಿ ಕೂತು ಎಳೆ ಹುಡುಕಿ ಅವನ ಬೆರಳಿಗೆ ಕೊಟ್ಟಳು. ಅವನು ಹೊಸೆದ.