ಅಪ್ಪ ಏಳದ ಕುರ್ಚಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ದುಡಿಯುತ್ತಿದ್ದವನು ಅಪ್ಪ ಒಬ್ಬನೇ. ಮಸ್ಕಿ ಹತ್ತಿರದ ನಮ್ಮೂರಿನಲ್ಲಿ ಅಜ್ಜ ಗೌಡರ ಮನೆಯ ಆಳು. ಗೌಡರು ಮಾತಾಡಿಸಿದರೆ ಚಪ್ಪಲಿ ಕಂಕುಳಲ್ಲಿ ಇಟ್ಟುಕೊಂಡು, ಸೊಂಟ ಬಗ್ಗಿಸಿ ಉತ್ತರ ಕೊಡಬೇಕಿತ್ತು. ಅವರೆದುರು ಕೂಡುವ ಮಾತೇ ಇರಲಿಲ್ಲ.

ಅಪ್ಪ ಓದಿ, ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ. ನಾವು ಅಲ್ಲೇ ಬಾಡಿಗೆ ಮನೆಯಲ್ಲಿದ್ದೆವು. ಬೆಳಿಗ್ಗೆ ಕುರ್ಚಿಯಲ್ಲಿ ಕೂತರೆ ಅಪ್ಪ ಸಂಜೆಯವರೆಗೆ ಏಳುತ್ತಿರಲಿಲ್ಲ. ನೀರನ್ನು ಚಪರಾಸಿ ತರಬೇಕು, ಕಾಗದವನ್ನು ಚಪರಾಸಿ ಒಯ್ಯಬೇಕು. ಬುತ್ತಿಯ ರೊಟ್ಟಿಯನ್ನೂ ಅದೇ ಮೇಜಿನ ಮೇಲೆ ಉಣ್ಣುತ್ತಿದ್ದ. ವರ್ಷಗಳು ಕಳೆದಂತೆ ಕುತ್ತಿಗೆ ಮುಂದಕ್ಕೆ ಬಂತು, ಬೆನ್ನು ಕುಡುಗೋಲಿನಂತೆ ಬಾಗಿತು. ಸಂಜೆಯಾದರೆ ಅಕ್ಕ ಎಣ್ಣೆ ಬಿಸಿ ಮಾಡಿ ಅವನ ಸೊಂಟಕ್ಕೆ ತಿಕ್ಕುತ್ತಿದ್ದಳು. ನಮ್ಮ ಹಾಸಿಗೆಗಳಿಗೂ ಆ ಎಣ್ಣೆಯ ಕಮಟು ವಾಸನೆ ಹತ್ತಿತ್ತು.

"ಯಪ್ಪಾ, ತಾಸಿಗೊಮ್ಮೆ ಎದ್ದು ನಾಕು ಹೆಜ್ಜಿ ಅಡ್ಡಾಡಬಾರದಾ? ಕಟ್ಟಿಹಾಕಿದ ಎತ್ತಿನಂಗ ಸೆಟಗೊಂಡೀದಿ ನೋಡು," ಎನ್ನುತ್ತಿದ್ದಳು ಅಕ್ಕ.

"ನಮ್ಮಪ್ಪ ನಿಂತಿದ್ದು ಸಾಲದೇನವಾ? ಕುರ್ಚಿ ಸಿಕ್ಕ ಮ್ಯಾಲೂ ನಾ ಯಾಕ ಏಳ್ಲಿ?" ಎನ್ನುತ್ತಿದ್ದ ಅಪ್ಪ.

ಬೇಸಿಗೆಯ ಒಂದು ಮಧ್ಯಾಹ್ನ ಅಕ್ಕ ಮತ್ತು ನಾನು ಬುತ್ತಿ ಒಯ್ದೆವು. ಕಚೇರಿಯಲ್ಲಿ ಹಳೆಯ ಕಾಗದದ, ಅಂಟಿನ ವಾಸನೆ. ಅಪ್ಪನ ಮೇಜಿನ ಮುಂದೆ ನಮ್ಮೂರ ಗೌಡರು ನಿಂತಿದ್ದರು. ಹೊಲದ ಕಾಗದವೊಂದು ಅವರಿಗೆ ಬೇಕಿತ್ತು. ಅಪ್ಪ ಕೂತೇ ಇದ್ದ. ಅವಸರವಿಲ್ಲದೆ ಬರೆಯುತ್ತಿದ್ದ. ಗೌಡರು ರುಮಾಲಿನ ತುದಿಯಿಂದ ಬೆವರು ಒರೆಸಿಕೊಂಡು ಕಾಯುತ್ತಿದ್ದರು. ನಾನು ಒಳಗೆ ಓಡಹೊರಟೆ. ಅಕ್ಕ ಬಾಗಿಲಲ್ಲೇ ನನ್ನ ತೋಳು ಹಿಡಿದಳು.

"ತಡೀಲೇ. ಅಜ್ಜ ಇರಬೇಕಿತ್ತು ಇದನ್ನ ನೋಡಾಕ," ಎಂದಳು ಪಿಸುಮಾತಿನಲ್ಲಿ.

ಕಾಗದ ಬರೆದು ಮುಗಿಯಿತು. ಅದಕ್ಕೆ ಸಾಹೇಬರ ಸಹಿ ಬೇಕು. ಚಪರಾಸಿ ಚಹಾ ತರಲು ಹೋಗಿದ್ದ. "ಆ ಕಾಗದ ತರ್ರಿ ಇಲ್ಲಿ," ಎಂದು ಒಳಗಿನಿಂದ ಸಾಹೇಬರು ಕೂಗಿದರು. ಅಪ್ಪ ಏಳಲೇಬೇಕಾಯಿತು. ಮೇಜಿಗೆ ಕೈ ಊರಿ ಅರ್ಧ ಎದ್ದ. ಅಷ್ಟೇ. ಸೊಂಟ ಅಲ್ಲೇ ಹಿಡಿದುಬಿಟ್ಟಿತು. ನೆಟ್ಟಗಾಗಲೂ ಆಗಲಿಲ್ಲ, ಮತ್ತೆ ಕೂಡಲೂ ಆಗಲಿಲ್ಲ. ಕಾಗದ ಹಿಡಿದು, ತಲೆ ತಗ್ಗಿಸಿ, ಗೌಡರ ಮುಂದೆ ಬಗ್ಗಿ ನಿಂತ.

ಗೌಡರು ನಕ್ಕರು. "ನೌಕರಿ ಸಿಕ್ರೂ ನಿಮ್ಮಪ್ಪನ ರೂಢಿ ಬಿಟ್ಟಿಲ್ಲಲ್ಲಲೇ! ಇರ್ಲಿ ಬಿಡು, ಅಷ್ಟ್ಯಾಕ ಬಗ್ಗತಿ?"

ಗೋಡೆ ಬದಿಯ ಬಾಕಿನ ಮೇಲೆ ಕೂತು ಕಾಯುತ್ತಿದ್ದವರೂ ನಕ್ಕರು. ಅಕ್ಕ ಬುತ್ತಿಯನ್ನು ನನ್ನ ಕೈಗೆ ತುರುಕಿ ಓಡಿ, ಅಪ್ಪನ ಸೊಂಟಕ್ಕೆ ಕೈ ಆನಿಸಿದಳು.

"ನಮ್ಮಪ್ಪ ಬಗ್ಗಿಲ್ಲರೀ. ಸೊಂಟ ಹಿಡದೈತಿ," ಎಂದಳು. ನಗುವಿನಲ್ಲಿ ಆ ಮಾತು ಯಾರಿಗೂ ಕೇಳಲಿಲ್ಲ.

ಅಪ್ಪ ಬಗ್ಗಿಕೊಂಡೇ ಸಾಹೇಬರ ಕೋಣೆಗೆ ಹೋಗಿ ಬಂದ. ಅಂದಿನ ಬುತ್ತಿ ಹಾಗೇ ಮನೆಗೆ ಮರಳಿತು. ಮರುದಿನದಿಂದ ಅವನು ತಾಸಿಗೊಮ್ಮೆ ಎದ್ದು ಕಚೇರಿ ಅಂಗಳದ ಬೇವಿನ ಗಿಡದವರೆಗೆ ನಡೆದು ಬರತೊಡಗಿದ. ನೋವು ತುಸು ಕಡಿಮೆಯಾಯಿತು. ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಊರಿನಲ್ಲಿ ಗೌಡರು ಈ ಕಥೆಯನ್ನು ಸಾಯುವವರೆಗೂ ಹೇಳಿ ನಗಿಸಿದರು. ಅಪ್ಪ ಮತ್ತೆ ಆ ಊರಿಗೆ ಕಾಲಿಡಲಿಲ್ಲ.

ಮಕ್ಕಳೇ, ಸಿಂಧನೂರಿನ ಈ ಮನೆಯಲ್ಲಿ ಕೋಣೆಗೊಂದು ಕುರ್ಚಿ ಇದೆ. ಗಾಲಿ ಇರುವ ಕುರ್ಚಿಯೂ ಇದೆ. ನಿಮ್ಮನ್ನು ಏಳು ಎನ್ನುವವರು ಯಾರೂ ಇಲ್ಲ, ನನ್ನೊಬ್ಬನನ್ನು ಬಿಟ್ಟು. ಶಾಲೆಯಲ್ಲಿ ಕೂಡುತ್ತೀರಿ, ಟ್ಯೂಷನ್ನಿನಲ್ಲಿ ಕೂಡುತ್ತೀರಿ, ಮನೆಗೆ ಬಂದು ಮೊಬೈಲಿಗೆ ಕುತ್ತಿಗೆ ಬಾಗಿಸಿ ಕೂಡುತ್ತೀರಿ. ಎದ್ದು ಅಂಗಳದಲ್ಲಿ ಓಡಾಡಿ ಬನ್ನಿ ಎಂದರೆ, "ಅಜ್ಜಾ, ಐದ ಮಿನಿಟ್ ತಡಿ," ಎನ್ನುತ್ತೀರಿ.

ನಿನ್ನೆ ನಿಮ್ಮಲ್ಲಿ ಒಬ್ಬಳು ಮೊಬೈಲು ಕೆಳಗಿಟ್ಟು, ಮೇಜಿಗೆ ಕೈ ಊರಿ, ಸೊಂಟ ಹಿಡಿದುಕೊಂಡು ಎದ್ದಳು. ಅಪ್ಪ ಎದ್ದದ್ದೂ ಹಾಗೆಯೇ. ಅವಳೆದುರು ಯಾವ ಗೌಡರೂ ಇರಲಿಲ್ಲ.