ಓದದೆ ಬಿಟ್ಟ ನಾಲ್ಕು ಅಂಕೆಗಳು

ಕೊಟ್ಟ ಮಾತಿಗೆ ತಪ್ಪದವನು; ನೆರೆಯವನ ಸರಕನ್ನು ತನ್ನ ಸರಕಿಗಿಂತ ಜತನದಿಂದ ಕಾಯುವವನು; ಹತ್ತು ಜನರಿಗಾಗಿ ಓಡಾಡಿಯೂ ಲಾಭವನ್ನು ಬಯಸದವನು; ಟೈರಿನ ಪಕ್ಕೆಯ ಸಣ್ಣ ಅಕ್ಷರಗಳನ್ನು ಪ್ರಾರ್ಥನೆಯ ಸಾಲುಗಳಂತೆ ತಡವರಿಸದೆ ಓದಬಲ್ಲವನು: ಹೀಗೆಂದು ಟಾಸ್ಮೇನಿಯ ದ್ವೀಪದ ಬರ್ನಿ ಬಂದರಿನಲ್ಲಿ ಹೆಸರಾದವನು ಕ್ಲೈವ್ ಬರಿಡ್ಜ್. ತಾನು ದುಡಿಯುತ್ತಿದ್ದ ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಅವನಿಗೆ ಉಳಿದಿದ್ದ ಹಿರಿಮೆ ಇದೊಂದೇ.

ಬೆಟ್ಟದ ತಿರುವುಗಳಲ್ಲಿ ಹಳೆಯ ಕಾರುಗಳನ್ನು ಓಡಿಸುವ ಹುಚ್ಚಿನ ಗೆಳೆಯರು ಅವನಿಗೆ ಎಂಟು ಮಂದಿ. ನೆಲವನ್ನು ಕಚ್ಚಿ ಹಿಡಿಯುವ ಮೆದು ರಬ್ಬರಿನ ಟೈರುಗಳಿಗೆ ಊರ ಅಂಗಡಿಯಲ್ಲಿ ಕೈ ಸುಡುವ ಬೆಲೆ. ಆದುದರಿಂದ ಕ್ಲೈವನು ವರ್ಷಕ್ಕೊಮ್ಮೆ ಎಲ್ಲರ ಬೇಡಿಕೆಯನ್ನೂ ಕೂಡಿಸಿ, ಜಪಾನಿನ ವ್ಯಾಪಾರಿಗೆ ಬರೆದು, ಹಡಗಿನ ಬಾಡಿಗೆಯನ್ನು ಹಂಚಿ ತರಿಸುವನು. ಸರಕು ಬಂದ ದಿನ ಅವನ ಷೆಡ್ಡಿನಲ್ಲಿ ಒಂದು ಕಟ್ಟಳೆ. ಹೆಂಡತಿ ಎನಿಡ್ ಚಹಾ ತಂದಿಟ್ಟ ಬಳಿಕ, ಪ್ರತಿ ಟೈರಿನ ಪಕ್ಕೆಯಲ್ಲಿರುವ ನಾಲ್ಕು ಅಂಕೆಗಳನ್ನು ಅವನು ಗಟ್ಟಿಯಾಗಿ ಓದಬೇಕು. ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ಹಳೆಯದಾದಷ್ಟೂ ರಬ್ಬರು ಗಡುಸಾಗಿ ನೆಲದ ಹಿಡಿತ ಬಿಡುತ್ತದೆ. ಅದನ್ನು ತರಿಸಿಕೊಂಡವನು ಕೇಳಿ "ಒಪ್ಪಿದೆ" ಎಂದಮೇಲೆಯೇ ಟೈರು ಕೈಬದಲಾಗುವುದು.

2016ರಲ್ಲಿ ಬೆಲೆ ಏರಿತು. ನಲವತ್ತು ವರ್ಷಗಳ ಗೆಳೆಯ ನೆವಿಲ್ ಪೆಡರ್ ಹಿಂದೆ ಸರಿದ.

"ನಂಗೀ ಸಲ ಬೇಡ ಕಣೋ. ಸವೆದಿದ್ರಲ್ಲೇ ತಳ್ತೀನಿ."

ಅವನನ್ನು ಬಿಟ್ಟು ಬೆಟ್ಟ ಹತ್ತಲು ಕ್ಲೈವನಿಗೆ ಮನಸ್ಸು ಬಾರದು. ಹುಡುಕಿದಾಗ ವ್ಯಾಪಾರಿಯ ಗೋದಾಮಿನಲ್ಲಿ ಅರ್ಧ ಬೆಲೆಯ ನಾಲ್ಕು ಟೈರುಗಳು ಸಿಕ್ಕಿದವು. ಬಳಸದವು, ಆದರೆ ಏಳು ವರ್ಷ ಹಳೆಯವು. ತಂಪಿನಲ್ಲಿಟ್ಟದ್ದು ಕೆಟ್ಟಿರಲಾರದು ಎಂದು ಸಮಾಧಾನ ತಂದುಕೊಂಡ. ಅಗ್ಗಕ್ಕೆ ಸಿಕ್ಕಿತೆಂದಷ್ಟೇ ನೆವಿಲ್ಲನಿಗೆ ತಿಳಿಸಿ ತರಿಸಿದ; ಹಳೆಯವೆಂಬುದನ್ನು ಸರಕು ತೆರೆದ ದಿನ ಹೇಳಿದರಾಯಿತು ಎಂದುಕೊಂಡ.

ಆ ದಿನ ನೆವಿಲ್ಲನು ಟೈರನ್ನು ಮಗುವಿನ ಬೆನ್ನಿನಂತೆ ಸವರುತ್ತ ನಿಂತಿದ್ದ. ಅವನ ಸರದಿ ಬಂದಾಗ ಕ್ಲೈವನು ಅಂಕೆ ಓದದೆ ಚಹಾದ ಲೋಟವನ್ನು ಮುಂದೆ ಮಾಡಿದ.

"ಏನಯ್ಯ ಪಾದ್ರಿ, ನನ್ನ ಸರದಿಗೇ ಗಂಟಲು ಕಟ್ತಾ?"

"ಚಹಾ ಆರ್ತಿದೆ, ಮೊದ್ಲು ಕುಡಿ."

"ಬಿಡು, ನೀನು ಆರಿಸಿದ್ದು ಅಂದ್ಮೇಲೆ ಓದೋದೇನು? ಒಪ್ಪಿದೆ."

ಎಲ್ಲರೂ ನಕ್ಕರು, ಕ್ಲೈವನೂ ನಕ್ಕ. ಅಂಕೆಗಳಿದ್ದ ಪಕ್ಕೆಯನ್ನು ಒಳಮುಖ ಮಾಡಿ ತಾನೇ ಗಾಲಿಗೆ ಕೂರಿಸಿಕೊಟ್ಟ.

ಅಲ್ಲಿ ಚಳಿಗಾಲ ಕಾಲಿಡುವ ಮೇ ತಿಂಗಳ ಮುಂಜಾನೆಯ ಮಳೆಯಲ್ಲಿ, ಸಾವಿರ ಸಲ ದಾಟಿದ್ದ ತಿರುವಿನಲ್ಲೇ ನೆವಿಲ್ಲನ ಕಾರು ಜಾರಿ ಕಣಿವೆಗಿಳಿಯಿತು. ಸೊಂಟ ಮುರಿಯಿತು. ಎಳೆದು ತಂದ ಕಾರಿನ ಬಳಿಗೆ ಹೋಗಿ ಕ್ಲೈವನು ಟೈರಿಗೆ ಉಗುರು ಒತ್ತಿ ನೋಡಿದ. ಅದು ಕೊಂಬಿನಂತೆ ಗಡುಸಾಗಿತ್ತು.

ನೆವಿಲ್ಲನು ಮಾತ್ರ ತಪ್ಪನ್ನೆಲ್ಲ ತನ್ನ ಮೇಲೆ ಹೊತ್ತುಕೊಂಡ.

"ಕೈಗೆ ಅಂದಾಜು ತಪ್ಪೋಯ್ತು ಕಣೋ, ಮುದುಕನಾದೆ. ಪಕ್ಕದಲ್ಲಿ ನನ್ನ ಹೆಂಡ್ತಿ ಇದ್ದಿದ್ರೆ ಸಾಯಿಸ್ಬಿಡ್ತಿದ್ದೆ."

ಮೂರು ಸಲ ಆಸ್ಪತ್ರೆಗೆ ಹೋಗಿ ಮೂರು ಸಲವೂ ಕ್ಲೈವನು ಬಾಯಿ ಬಿಡದೆ ಮರಳಿದ. ಹೇಳಿದರೆ ಗೆಳೆಯನೂ ಇಲ್ಲ, ಹೆಸರೂ ಇಲ್ಲ. ಸುಮ್ಮನಿದ್ದರೆ ಆ ಬಡಪಾಯಿ ತನ್ನ ಕೈಗಳನ್ನೇ ಶಪಿಸುತ್ತ ಉಳಿದ ದಿನ ಕಳೆಯಬೇಕು. ಕಡೆಗೆ ಎನಿಡ್‌ಳಿಗೆ ಹೇಳಿಕೊಂಡ. ಅವಳು ಒರೆಸುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ಅವನ ಸೊಂಟವಂತೂ ಹೋಯ್ತು. ಕೈನಾದ್ರೂ ವಾಪಸ್ ಕೊಟ್ಟು ಬಾ."

ನಾಲ್ಕನೆಯ ಸಲ ಕ್ಲೈವನು ಟೈರನ್ನೇ ಉರುಳಿಸಿಕೊಂಡು ಹಾಸಿಗೆಯ ಬಳಿ ಬಂದ.

"ಏನೋ ಇದು, ಹೂವು ಸಿಗ್ಲಿಲ್ವಾ?" ಎಂದ ನೆವಿಲ್.

"ಅವತ್ತು ನಾನು ಓದ್ಲಿಲ್ಲ."

ನೆವಿಲ್ಲನ ಮುಖದ ನಗು ಇಳಿಯಿತು. "ಈಗ ಓದು."

"ಮೂವತ್ತೊಂದು. ಸೊನ್ನೆ ಒಂಬತ್ತು."

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ನೆವಿಲ್ಲನು ತನ್ನೆರಡು ಕೈಗಳನ್ನೂ ಮುಖದ ಮುಂದೆ ಎತ್ತಿ ಹಿಡಿದು ನೋಡಿದ, ಬಹುಕಾಲದ ಮೇಲೆ ಮನೆಗೆ ಬಂದವರನ್ನು ನೋಡುವಂತೆ. ಆಮೇಲೆ ಗೋಡೆಯ ಕಡೆಗೆ ಮುಖ ಹೊರಳಿಸಿದ. "ಒಪ್ಪಿದೆ" ಎಂಬ ಮಾತಿಗಾಗಿ ಕ್ಲೈವನು ಕಾದ. ಅದು ಬರಲಿಲ್ಲ. ಟೈರನ್ನು ಉರುಳಿಸಿಕೊಂಡು ಹೊರಟುಹೋದ.

ಆ ಷೆಡ್ಡಿಗೆ ಮತ್ತೆ ಹಡಗಿನ ಸರಕು ಬಂದಿಲ್ಲ. ತಡವಾಗಿಯಾದರೂ ದಿಟವನ್ನು ಓದಿದ ಆ ನಾಲಗೆಯನ್ನು ದೇವರು ಕಾಯಲಿ. ಎನಿಡ್‌ಳ ಒಲೆ ಆರದಿರಲಿ. ಒಂದಲ್ಲ ಒಂದು ದಿನ ಆ ಮನೆಯ ಅಂಗಳದಲ್ಲಿ ಊರುಗೋಲಿನ ಸದ್ದು ಕೇಳಿಬರಲಿ.