ಹೊನ್ನನ ಕೆನ್ನೆ, ಹೆಗಡೆಯವರ ಕೋವಿ

ಹೊನ್ನಾವರದ ದೇವಪ್ಪ ಆಚಾರಿಯ ಅಂಗಡಿಯಲ್ಲಿ ಸದಾ ಕಾದಿರುತ್ತಿದ್ದವು ಎರಡು: ಕುಲುಮೆ ಮತ್ತು ಆಚಾರಿಯ ತಲೆ. ಕತ್ತಿ, ಹಾರೆಗಳ ಜೊತೆ ಕೋವಿಗಳನ್ನೂ ರಿಪೇರಿ ಮಾಡುತ್ತಿದ್ದ. ತಂದವರಿಗೆ ಬೈಗುಳ ಬಿಟ್ಟಿ.

ಅರವತ್ತೆರಡರ ದೀಪಾವಳಿ ಕಳೆದು ಗದ್ದೆಗೆ ಹಂದಿ ನುಗ್ಗುತ್ತಿದ್ದ ಕಾಲ. ಕರ್ಕಿಯ ವಿಘ್ನೇಶ್ವರ ಹೆಗಡೆಯವರು ಅಜ್ಜನ ಜೋಡುನಳಿಗೆ ಕೋವಿ ಹಿಡಿದು ಬಂದರು. ಹಿಂದೆ ತೋಟೆ ಚೀಲ ಹೊತ್ತ ಅವರ ಆಳು ಹೊನ್ನ. ಲೈಸೆನ್ಸು ಹೆಗಡೆಯವರದು, ಈಡು ಹೊಡೆಯುವ ಹೆಗಲು ಹೊನ್ನನದು.

“ಈಡು ದೂರ ಹೋಗೂದಿಲ್ಲ ಮಾರಾಯ. ಕುದುರೆಗೆ ಸ್ವಲ್ಪ ಎಣ್ಣೆ ಬಿಡು. ಇವತ್ತೇ ಬೇಕು.”

ಕುದುರೆಯೆಂದರೆ ತೋಟೆ ಸಿಡಿಸುವ ಕೊಕ್ಕೆ. ದೇವಪ್ಪ ಕುದುರೆ ಬಿಟ್ಟು ಸವಾರನನ್ನು ನೋಡಿದ. ಹೊನ್ನನ ಬಲಗಣ್ಣಿನ ಕೆಳಗೆ ಸಾಸಿವೆ ಸಿಡಿದಂತೆ ಸುಟ್ಟ ಚುಕ್ಕೆಗಳು.

“ಇದೆಂತದಾ?”

“ಹೊಡ್ದಾಗ ಬೆಂಕಿ ಹಿಂದಕ್ಕೂ ಬತ್ತದೆ.”

ದೇವಪ್ಪ ಖಾಲಿ ಕೋವಿ ಮುಚ್ಚಿ, ನಳಿಗೆ ಹಿಡಿದು ಅಲ್ಲಾಡಿಸಿದ. ಟಕ್ ಟಕ್. ಬೆಳಕಿಗೆ ಹಿಡಿದ. ಮುಚ್ಚಿದ ನಳಿಗೆಯ ಬುಡದ ಸಂದಿಯಲ್ಲಿ ದಾರದಷ್ಟು ಆಕಾಶ ಕಂಡಿತು; ಬೆಂಕಿ ಹಿಂದೆ ಬರುವ ದಾರಿ ಅದೇ. ನಳಿಗೆ ಮಡಚುವ ಕೀಲು ಬಿಚ್ಚಿ ಸೂಜಿಯಿಂದ ಕೆರೆದರೆ ಕುಂಕುಮ, ಅಂಟಾದ ತೆಂಗಿನೆಣ್ಣೆ, ಒಂದು ಅಕ್ಷತೆ ಕಾಳು.

“ಆಯುಧಪೂಜೆಯಾ ಇದು? ವರ್ಷಾ ವರ್ಷಾ ಗಂಧ ತೇದ ಹಾಗೆ ಕೀಲು ತೇದಿದ್ರಲ್ಲ ಹೆಗಡೇರೆ!”

“ಪೂಜೆ ಬಿಡೂಕಾಗ್ತದಾ?”

“ಪೂಜೆ ಮಾಡಿ. ಆಮೇಲೆ ಒರೆಸೂಕೆ ಎಂತ ಧಾಡಿ?”

ಇನ್ನಷ್ಟು ಕೆರೆದಾಗ ಎಲೆಯಷ್ಟು ತೆಳ್ಳಗಾದ ಹಿತ್ತಾಳೆ ಪಟ್ಟಿ ಬಂತು. ದೇವಪ್ಪ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ. ಹಿಂದೊಮ್ಮೆ ಅವನೇ ಸಂದಿಗೆ ಸೇರಿಸಿದ್ದ ತೇಪೆ. ಸಿಟ್ಟು ಇಮ್ಮಡಿಯಾಯಿತು.

“ಇದನ್ನ ಹಾಕಿದ ಕತ್ತೆ ನಾನೇ! ಅವತ್ತೇ ಹೊಸ ಕೀಲು ಹಾಕ್ಬೇಕಿತ್ತು.”

“ಆತು, ನಾಳೆ ಹಾಕು. ಇವತ್ತೊಂದಿನ ನಡೀಲಿ. ಹಂದಿ ಕಾಯ್ತದಾ?”

“ನಡೀಲಿ.” ದೇವಪ್ಪ ಕೀಲು ಮತ್ತೆ ಸಿಕ್ಕಿಸಿ ಕೋವಿ ಮುಂದೆ ಚಾಚಿದ. “ಆದ್ರೆ ನಿಮ್ಮ ಕೆನ್ನೆ ಇಟ್ಟು ನೀವೇ ಹೊಡೀರಿ.”

“ನನಗೆ ಗುರಿ ಸಿಕ್ಕೂದಿಲ್ಲ,” ಎಂದರು ಹೆಗಡೆಯವರು, ಕೆನ್ನೆ ಸವರಿಕೊಳ್ಳುತ್ತ. “ಹೊನ್ನಾ, ಕೋವಿ ಎತ್ಕಾ.”

ಹೊನ್ನ ತೋಟೆ ಚೀಲವನ್ನು ಅವರ ಕಾಲ ಬುಡಕ್ಕೆ ಧಪ್ಪನೆ ಹಾಕಿದ.

“ನಾ ಎತ್ತೂದಿಲ್ಲ ಒಡ್ಯಾ. ಹಂದಿ ತಿಂದ ಗದ್ದೆ ಮತ್ತೆ ಬೆಳೀತದೆ. ಕಣ್ಣು ಬೆಳೀತದಾ?”

ಹೆಗಡೆಯವರು ಇಬ್ಬರನ್ನೂ ಕೆಕ್ಕರಿಸಿ, ಕೋವಿ ಅಲ್ಲೇ ಬಿಟ್ಟು, ಚೀಲ ತಾವೇ ಹೊತ್ತು ಬಸ್ಸಿಗೆ ನಡೆದರು. ಹೊನ್ನ ಹಿಂದೆ ಹೋಗಲಿಲ್ಲ. ಹೊಸ ಕೀಲಿಗೆ ಕಬ್ಬಿಣ ಕಾಯಲೆಂದು ಕುಲುಮೆಯ ತಿದಿ ಒತ್ತಲು ಕುಳಿತ.

“ಹಾಗೆ ಒತ್ತೂದಲ್ಲವೋ ಮಂಗಾ!” ದೇವಪ್ಪ ಗುಡುಗಿದ.